ಕಾಲು ಮುಂದಾಗಿ ಹುಟ್ಟಿದವಳು

ತಾಯಿಯ ಹೆಣದ ಅಂಗಾಲಿಗೆ ಬೆನ್ನು ಒತ್ತಲು ಹೊರಟಿದ್ದ ತಮ್ಮನ ಹೆಂಡತಿ ಶಶಿರೇಖಾಳ ರಟ್ಟೆ ಹಿಡಿದು ಕಲಾವತಿ ಈಚೆಗೆ ಎಳೆದಳು.

"ಬುಡೇ," ಎಂದಳು ಗೌರಮ್ಮ ಚಿಕ್ಕಮ್ಮ. "ನಿಮ್ಮವ್ವ ಕಾಲು ಮುಂದಾಗಿ ಉಟ್ಟಿದೋಳು. ಅವಳ ಕಾಲು ತಾಕುದ್ರೆ ಎಂಥ ಉಳುಕೂ ನಿಲ್ತಿರ್ಲಿಲ್ಲ. ಮಣ್ಣಿಗೋಗೋ ಮುಂಚೆ ಸೊಸೆಗೊಂದ್ಸಲ ಆಗ್ಲಿ."

"ಉಳುಕಲ್ಲ ಚಿಕ್ಕಮ್ಮ! ದಿನಾ ಸಂಜೆ ಇವಳಿಗೆ ಜ್ವರ ಬರುತ್ತೆ. ಅಮ್ಮಂಗೂ ಇಂಗೇ ಶುರುವಾಗಿದ್ದು."

ಬಾಗಲೂರಿನ ಅರ್ಧ ಊರಿನ ಬೆನ್ನಿಗೆ ಕಾಲು ತಾಗಿಸಿದ್ದ ಮುನಿನಾರಾಯಣಮ್ಮ ಬೆನ್ನಿನ ಕಾಯಿಲೆಯಿಂದಲೇ ಸತ್ತಿದ್ದಳು. ನಗುವುದೋ ಅಳುವುದೋ? ಮಗಳು ಕಲಾವತಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು.

*

ಮೊದಲನೇ ಡಾಕ್ಟರು ಅಮ್ಮನಿಗೆ ಕೆಮ್ಮು ಇದೆಯಾ ಎಂದು ಕೇಳಿದ್ದ. ಇಲ್ಲವೆಂದಾಗ "ವಯಸ್ಸಾಯ್ತಲ್ಲಮ್ಮ" ಎಂದು ಇಂಜೆಕ್ಷನ್ ಚುಚ್ಚಿ ಕಳಿಸಿದ. ಹೆಬ್ಬಾಳದ ಕಡೆಯ ನರ್ಸಿಂಗ್ ಹೋಮಿನವನು ಸ್ಕ್ಯಾನ್ ನೋಡಿ, ಬೆನ್ನುಮೂಳೆ ಅಲ್ಲಲ್ಲಿ ತಿಂದುಹೋಗಿದೆ, ಟಿಬಿಯಾಗಿದ್ದರೆ ಒಂದೇ ಕಡೆ ಇರುತ್ತಿತ್ತು, ಇದು ಕ್ಯಾನ್ಸರೇ ಎಂದ. "ಮನೆಗ್ ಕರ್ಕೊಂಡ್ಹೋಗಿ ಚೆನ್ನಾಗ್ ನೋಡ್ಕೊಳ್ಳಿ." ಮೂಳೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣವೆಂದು ಆ ಮಹಾರಾಯನಿಗೆ ತೋಚಲೇ ಇಲ್ಲ! ಕಾಲೆರಡೂ ಸ್ವಾಧೀನ ತಪ್ಪಿ, ಮಲಗಿದಲ್ಲೇ ಹುಣ್ಣಾದ ಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಆ ಚೂರು ತೆಗೆಸಿದಳು. ಟಿಬಿ. ಮಾತ್ರೆಗೆ ವಾಸಿಯಾಗುವ ಟಿಬಿ! ಮಾತ್ರೆ ಶುರುವಾಗುವಷ್ಟರಲ್ಲಿ ಹುಣ್ಣಿನ ನಂಜು ರಕ್ತಕ್ಕೇರಿತ್ತು.

*

"ಮೆಲ್ಲಗ್ ಮಾತಾಡೇ," ಚಿಕ್ಕಪ್ಪ ಮುನೀಂದ್ರ ಹತ್ತಿರ ಬಂದು ಹಲ್ಲು ಕಚ್ಚಿದ. "ನೆಂಟ್ರಿಗೆಲ್ಲ ಕ್ಯಾನ್ಸರ್ ಅಂದಿದೀನಿ. ಕ್ಷಯ ಅಂತ ಗೊತ್ತಾದ್ರೆ ನಮ್ಮನೆ ಎಣ್ಣು ಯಾರ್ ತಗೊಂಡೋಯ್ತಾರೆ?"

"ಕ್ಯಾನ್ಸರ್ ಅಂದೇ ಅಮ್ಮನ್ನ ಸಾಯ್ಸಿದ್ದು! ಈಗ ಇವಳನ್ನೂ ಸಾಯ್ಸಬೇಕಾ?" ಕಲಾವತಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು. "ಟಿಬಿ ಕಣ್ರೀ! ನಮ್ಮಮ್ಮಂಗೆ ಬೆನ್ನುಮೂಳೆ ಟಿಬಿ! ಕೆಮ್ಮೇ ಇರ್ಲಿಲ್ಲ!"

ತಮಟೆ ನಿಂತಿತು. ಶಶಿರೇಖಾ ಸೆರಗನ್ನು ಬಾಯಿಗೊತ್ತಿಕೊಂಡಳು.

"ಅತ್ತಿಗೆ, ನಂಗೂ ಕಾಲು ಜೋಮು ಹಿಡೀತಿದೆ," ಎಂದಳು ಮೆತ್ತಗೆ. "ಯಾರಿಗೂ ಏಳಿಲ್ಲ."

"ನಡಿ, ಆಸ್ಪತ್ರೆಗೆ."

"ಸೂತಕ ಕಣೇ! ತಲೆಗೆ ನೀರು ಬೀಳ್ದೆ ಎಲ್ಲಿಗೇ ಓಯ್ತೀಯಾ?" ಗೌರಮ್ಮ ಅಡ್ಡ ಬಂದಳು. "ಹೆಣ ಇನ್ನೂ ಎತ್ತಿಲ್ಲ!"

ತಮ್ಮ ಮುನೇಶ ಕೆಂಡದ ಮಡಕೆ ಹಿಡಿದು ನಿಂತಿದ್ದ. ಕಲಾವತಿ ತಾಯಿಯ ಮುಖ ಸವರಿ, ಶಶಿರೇಖಾಳ ಕೈ ಹಿಡಿದು ಬೀದಿಗಿಳಿದಳು.

ಚಟ್ಟ ಮಣ್ಣು ಮಾಡುವ ತೋಪಿನ ಕಡೆ ಹೊರಟಾಗ, ಇಬ್ಬರನ್ನೂ ಹತ್ತಿಸಿಕೊಂಡ ಅಕ್ಬರ್ ಪಾಷಾನ ಆಟೋ ಯಲಹಂಕದ ಆಸ್ಪತ್ರೆಯ ದಾರಿ ಹಿಡಿದಿತ್ತು. ಕಲಾವತಿಯ ಕೆದರಿದ ಕೂದಲಲ್ಲಿ ಹೆಣಕ್ಕೆ ಎರಚಿದ ಪುರಿ ಸಿಕ್ಕಿಕೊಂಡಿತ್ತು.

"ಹಳ್ಳ ನೋಡ್ಕೊಂಡ್ ಓಡ್ಸಣ್ಣ," ಎಂದಳು. ರಸ್ತೆ ಉಬ್ಬು ಬಂದಾಗಲೆಲ್ಲ ಶಶಿರೇಖಾಳ ಬೆನ್ನಿನ ಹಿಂದೆ ತನ್ನ ಎರಡೂ ಅಂಗೈ ಒಡ್ಡಿದಳು.