ಎಂಟು ಕಡ್ಡಿಯ ಕ್ರಿಸ್ಮಸ್ ಮರ

ಮಳೆಗಾಲ ಮುಗಿದ ಮೇಲೆ ಕೊಪ್ಪದ ಒಣಕಸದಲ್ಲಿ ಮುರಿದ ಕೊಡೆಗಳು ರಾಶಿ ಬೀಳುತ್ತವೆ. ಬಟ್ಟೆ ಕಿತ್ತು ಒಂದು ಕಡೆ, ಕಬ್ಬಿಣ ಒಂದು ಕಡೆ ಎಸೆಯುವುದು ದೇವಕಿಗೆ ಎಂಟು ವರ್ಷಗಳ ಅಭ್ಯಾಸ. ಪೇಟೆಯ ಹೊರಗಿನ ಕಸ ವಿಂಗಡಿಸುವ ಶೆಡ್ಡಿನಲ್ಲಿ ಅವಳಿಗೆ ಕೆಲಸ. ಆ ನವೆಂಬರಿನಲ್ಲಿ ಮಾತ್ರ ಒಂದು ಕೊಡೆಯನ್ನು ಎಸೆಯದೆ, ಬಟ್ಟೆ ಕಿತ್ತು, ಅರ್ಧ ಬಿಚ್ಚಿ ನಿಲ್ಲಿಸಿದಳು. ಎಂಟು ಕಡ್ಡಿಗಳು ಮೇಲೆ ಚೂಪಾಗಿ, ಕೆಳಗೆ ಅಗಲವಾಗಿ ನಿಂತವು.

"ಎಂತದೇ ಅದು, ಕೋಳಿ ಮುಚ್ಚೋ ಬುಟ್ಟಿಯಾ?" ಜೊತೆಗೆ ಕೆಲಸ ಮಾಡುವ ಕರಿಯಕ್ಕ ಕೇಳಿದಳು.

"ಕ್ರಿಸ್ಮಸ್ ಮರ."

"ನಿಂಗೆಂತಕ್ಕೆ ಮಾರಾಯ್ತಿ ಕ್ರಿಸ್ಮಸ್ಸು? ದೀಪಾವಳಿ ಸಾಲಲಿಲ್ವಾ?"

ಬೇಕಾಗಿದ್ದದ್ದು ಮಗಳು ಶಾಲಿನಿಗೆ. ಅವಳು ಕಾನ್ವೆಂಟಿನಲ್ಲಿ ಏಳನೇ ತರಗತಿ. ಶಾಲೆ ಏಳನೇ ತರಗತಿಯ ಎಲ್ಲರಿಗೂ ಸ್ಪರ್ಧೆ ಇಟ್ಟಿತ್ತು: ಬಿಸಾಡಿದ ಸಾಮಾನಿನಿಂದ ಮನೆಯಲ್ಲೇ ಕ್ರಿಸ್ಮಸ್ ಮರ ಮಾಡಬೇಕು, ಅಂಗಡಿಯದು ಏನೂ ಇರಕೂಡದು. ಬುಡಕ್ಕೆ ಒಂದು ಚೀಟಿ ಅಂಟಿಸಿ, ಮಗುವಿನ ಹೆಸರು ಮತ್ತು ಸಹಾಯ ಮಾಡಿದವರ ಹೆಸರು ಬರೆಯಬೇಕು. ಡಿಸೆಂಬರ್ ಹದಿನೆಂಟು, ಗುರುವಾರ ಮರ ಒಪ್ಪಿಸಬೇಕು. ಮರುದಿನದ ಕಾರ್ಯಕ್ರಮದಲ್ಲಿ, ಗೆದ್ದ ಮಗುವಿನ ಜೊತೆ ತಂದೆ ಅಥವಾ ತಾಯಿಯನ್ನೂ ವೇದಿಕೆಗೆ ಕರೆಯುತ್ತಾರೆ.

ನೋಟಿಸಿನ ಆ ಕೊನೆಯ ಸಾಲನ್ನು ದೇವಕಿ ಮಗಳಿಂದ ಎರಡು ಸಲ ಓದಿಸಿದಳು. ಗಂಡ ಕುಮಾರ ಮೇಗುಂದದ ಕಡೆ ಕಾಫಿ ತೋಟದಲ್ಲಿದ್ದ. ಭಾನುವಾರ ಬಿಟ್ಟರೆ ಬರುವುದಿಲ್ಲ. ಹಾಗಾಗಿ ಹೋಗುವವಳು ಅವಳೇ. ಮಗಳು ಅಲ್ಲಿ ಸೇರಿದ ಮೂರು ವರ್ಷದಲ್ಲಿ ಅವಳು ಶಾಲೆಯ ಗೇಟು ದಾಟಿರಲಿಲ್ಲ. ಪೋಷಕರ ಮೀಟಿಂಗ್ ಇದ್ದದ್ದನ್ನು ಶಾಲಿನಿ ಯಾವಾಗಲೂ ಮೀಟಿಂಗ್ ಮುಗಿದ ಮೇಲೆಯೇ ಹೇಳುತ್ತಿದ್ದಳು. ಶಾಲಾ ಡೈರಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ 'ಆಫೀಸ್ ಕೆಲಸ' ಎಂದು ಬರೆದಿದ್ದಳು. ದೇವಕಿ ಅದನ್ನು ನೋಡಿದ್ದಳು, ತಿದ್ದಿಸಿರಲಿಲ್ಲ.

ಮೂರು ವಾರ ಕೆಲಸ ನಡೆಯಿತು. ಹಸಿರು ಬಣ್ಣದ ಹಾಲಿನ ಕವರುಗಳನ್ನೇ ಆರಿಸಿ ತಂದು, ಅಂಟುವಾಳದ ನೀರಿನಲ್ಲಿ ಮೂರು ಸಲ ತೊಳೆದು, ಒಣಗಿಸಿ, ಕತ್ತರಿಯಿಂದ ಸಣ್ಣ ಎಳೆಗಳಾಗಿ ಕತ್ತರಿಸಿದಳು. ಎಳೆಗಳ ಮಾಲೆಯನ್ನು ಕಡ್ಡಿಗಳಿಗೆ ಸುತ್ತಿ, ಒಂದೊಂದು ಕಡ್ಡಿಯ ತುದಿಗೂ ದಾರ ಬಿಗಿದು ಕಟ್ಟಿದಳು. ಖಾಲಿ ಮಾತ್ರೆ ಪಟ್ಟಿಗಳನ್ನು ಮಡಚಿ ಬೆಳ್ಳಿ ನಕ್ಷತ್ರ ಮಾಡಿದಳು. ಬುಡಕ್ಕೆ ಪೇಂಟಿನ ಡಬ್ಬ, ಅದರ ತುಂಬ ಮರಳು.

"ವಾಸನೆ ಬರ್ತದಾ ನೋಡು," ಎಂದಳು.

ಶಾಲಿನಿ ಮೂಗು ಹತ್ತಿರ ತಂದಳು. "ಇಲ್ಲ."

"ನಿನ್ನ ಕ್ಲಾಸಿನ ನಿಶ್ಚಿತಾ ಎಂತದ್ರಲ್ಲಿ ಮಾಡ್ತಿದಾಳೆ?"

"ಪೇಪರ್ ಪ್ಲೇಟು. ಅವಳಪ್ಪ ಶಿವಮೊಗ್ಗದಿಂದ ಐವತ್ತರ ಕಟ್ಟು ತಂದ್ರಂತೆ."

ಇದನ್ನು ಕೇಳಿ ಮರುದಿನ ಕರಿಯಕ್ಕ ನಕ್ಕು ನಕ್ಕು ಕೆಮ್ಮಿದಳು. "ದುಡ್ಡು ಕೊಟ್ಟು ಹೊಸ ಕಸ ತಂದ್ರಾ? ನಮ್ಮನ್ನ ಕೇಳಿದ್ರೆ ಲೋಡುಗಟ್ಟಲೆ ಕಳಿಸ್ತಿದ್ವಲ್ಲೇ. ನಿಂದೇ ಫಸ್ಟು ಬಿಡು."

ಬುಧವಾರ ರಾತ್ರಿ ಊಟಕ್ಕೆ ಮೊದಲು ಶಾಲಿನಿ ಚೀಟಿ ಬರೆದಳು. ತನ್ನ ಹೆಸರು ಬರೆದು ಪೆನ್ನು ನಿಲ್ಲಿಸಿದಳು.

"ನನ್ನ ಹೆಸರೂ ಬರಿ," ಎಂದಳು ದೇವಕಿ.

ಬರೆದಳು.

"ಶುಕ್ರವಾರ ಅರ್ಧ ದಿನ ರಜೆ ಕೇಳಿದೀನಿ. ನೀಲಿ ಸೀರೆ ಉಡ್ಲಾ?"

"ಗೆದ್ರೆ ಮಾತ್ರ ಕರೀತಾರೆ ಅಮ್ಮ."

"ಗೊತ್ತು. ಗೆದ್ರೆ ಅಂತಲೇ ಹೇಳಿದ್ದು."

ಬೆಳಿಗ್ಗೆ ಮರವನ್ನು ಶಾಲೆಯ ತನಕ ಹೊತ್ತು ತರುತ್ತೇನೆಂದು ದೇವಕಿ ಅಂದರೆ ಶಾಲಿನಿ ಒಪ್ಪಲಿಲ್ಲ. ತಾನೇ ಎದೆಗೆ ಅವಚಿಕೊಂಡು ಹೊರಟಳು. ಸಂಜೆ ಬರಿಗೈಲಿ ಬಂದು ಬಾಗಿಲಲ್ಲೇ ನಿಂತಳು.

"ಮರ ಮುರೀತು ಅಮ್ಮ. ಬಸ್ ಸ್ಟ್ಯಾಂಡಲ್ಲಿ ರಶ್ ಇತ್ತು, ಯಾರೋ ಮೈಮೇಲೇ ಬಿದ್ರು. ಸ್ಪರ್ಧೆಗೆ ಇಡ್ಲಿಲ್ಲ."

"ನಿಂಗೆ ಪೆಟ್ಟಾಯ್ತಾ?"

"ಇಲ್ಲ."

"ಮರ ಎಲ್ಲಿ?"

"ಶಾಲೆ ಕಸದ ಡಬ್ಬಿಗೆ ಹಾಕ್ದೆ."

ರಜೆಗೆ ಕಾರಣ ಉಳಿಯಲಿಲ್ಲ. ಶುಕ್ರವಾರ ದೇವಕಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ಗಾಡಿ ಬಂದು ಶಾಲೆಯ ಕಡೆಯ ಕಸ ಸುರಿಯಿತು. ಬಣ್ಣದ ಕಾಗದ, ಕೇಕಿನ ಡಬ್ಬಗಳ ನಡುವೆ ಹಸಿರು ಎಳೆಗಳು ಕಂಡವು.

ದೇವಕಿ ಕೊಡೆಯನ್ನು ಎಳೆದು ತೆಗೆದಳು. ಮುರಿದ ವಸ್ತು ಹೇಗೆ ಮುರಿಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜನ ಮೇಲೆ ಬಿದ್ದಿದ್ದರೆ ಒಂದು ಮಗ್ಗುಲಿನ ಕಡ್ಡಿಗಳು ಬಾಗಬೇಕಿತ್ತು. ಎಂಟೂ ನೆಟ್ಟಗಿದ್ದವು. ದಾರ ಎಳೆದು ಹರಿದರೆ ತುದಿ ಬಿಚ್ಚಿ ನಾರಾಗುತ್ತದೆ. ಇಲ್ಲಿ ಎಂಟು ಗಂಟುಗಳಲ್ಲೂ ದಾರ ಸಮವಾಗಿ ತುಂಡಾಗಿತ್ತು. ಡಬ್ಬದ ಮೇಲೆ ಚೀಟಿ ಇರಲಿಲ್ಲ. ಅದನ್ನು ಉಗುರಿನಿಂದ ಕೆರೆದು ತೆಗೆದ ಗುರುತು ಮಾತ್ರ ಇತ್ತು.

"ಅದು ನಿನ್ನ ಮಗಳದ್ದಲ್ವೇನೇ?" ಕರಿಯಕ್ಕ ಆಚೆಯಿಂದ ಕೂಗಿದಳು.

"ಅಲ್ಲ. ಬೇರೆ ಯಾರದ್ದೋ."

"ನಿನ್ನದರ ಹಾಗೇ ಉಂಟಲ್ಲೇ."

"ಕೊಡೆ ಎಲ್ಲರ ಮನೇಲೂ ಇರ್ತದೆ ಕರಿಯಕ್ಕ."

ಕರಿಯಕ್ಕ ಅವಳ ಮುಖವನ್ನೊಮ್ಮೆ ನೋಡಿ, ಮತ್ತೆ ಕೇಳದೆ ತನ್ನ ರಾಶಿಯ ಕಡೆ ತಿರುಗಿದಳು. ದೇವಕಿ ಹಾಲಿನ ಕವರನ್ನು ಪ್ಲಾಸ್ಟಿಕ್ಕಿನ ಚೀಲಕ್ಕೆ, ಕಡ್ಡಿಗಳನ್ನು ಕಬ್ಬಿಣಕ್ಕೆ ಹಾಕಿದಳು. ಡಬ್ಬದಲ್ಲಿ ಉಳಿದಿದ್ದ ಮರಳನ್ನು ಹೊರಗೆ ಚೆಲ್ಲಿದಳು. ಮಾತ್ರೆ ಪಟ್ಟಿಯ ನಕ್ಷತ್ರಗಳನ್ನು ಬಿಡಿಸಿ ಚಪ್ಪಟೆ ಮಾಡಿ ಹಾಕಬೇಕು, ಒಂದೊಂದಾಗಿ ಬಿಡಿಸಿದಳು.

ಮನೆಗೆ ಬಂದಾಗ ಶಾಲಿನಿ ಓದುತ್ತಿದ್ದಳು.

"ಯಾರು ಗೆದ್ರು?"

"ನಿಶ್ಚಿತಾ."

"ಅವಳಮ್ಮ ಸ್ಟೇಜಿಗೆ ಬಂದ್ರಾ?"

"ಹ್ಞೂಂ."

"ಎಂತ ಉಟ್ಟಿದ್ರು?"

ಶಾಲಿನಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ನೋಡ್ಲಿಲ್ಲ."

ಇಸ್ತ್ರಿ ಮಾಡಿದ ನೀಲಿ ಸೀರೆ ಹಗ್ಗದ ಮೇಲೆ ಹಾಗೇ ಇತ್ತು. ದೇವಕಿ ಅದನ್ನು ಮಡಚಿ ಟ್ರಂಕಿಗೆ ಹಾಕಿದಳು. ಆಮೇಲೆ ಗೋಡೆಯ ಖಾಲಿ ಮೊಳೆ ನೋಡಿದಳು.

"ಕತ್ತರಿ ಎಲ್ಲಿ?"

ಶಾಲಿನಿ ಶಾಲೆಯ ಬ್ಯಾಗಿನ ತಳಕ್ಕೆ ಕೈ ಹಾಕಿ ಕತ್ತರಿ ತೆಗೆದು, ನೋಡದೆ ಚಾಚಿದಳು.

"ಕ್ರಾಫ್ಟಿಗೆ ಬೇಕಿತ್ತು," ಎಂದಳು.

ಅದರ ಬಾಯಿಗೆ ಒಂದು ಹಸಿರು ಎಳೆ ಅಂಟಿಕೊಂಡಿತ್ತು. ದೇವಕಿ ಅದನ್ನು ಬೆರಳಿನಿಂದ ಒರೆಸಿ, ಕತ್ತರಿಯನ್ನು ಮೊಳೆಗೆ ಹಾಕಿ, ಅಕ್ಕಿ ತೊಳೆಯಲು ಹೋದಳು.