ಬಂಗಾರಿಗೆ ದೃಷ್ಟಿ ತೆಗೆದದ್ದು

ನನ್ನ ಗಂಡ ಹಕ್ಕಿಯನ್ನು ‘ಬಂಗಾರಿ’ ಅನ್ನುತ್ತಿದ್ದರು, ನನ್ನನ್ನು ‘ಏ, ಕೇಳಸ್ತೇನು?’ ಅನ್ನುತ್ತಿದ್ದರು. ಇದಕ್ಕಿಂತ ಹೆಚ್ಚು ಏನು ಹೇಳಲಿ?

ಶಹಾಪುರದ ನಮ್ಮ ಎರಡು ಕೋಣೆಯ ಮನೆಗೆ ಆ ಕಾಕಟೀಲ್ ಗಿಳಿ ಬಂದು ಒಂದು ವರ್ಷ. ಕೆನ್ನೆಗೆ ಕೇಸರಿ ಬೊಟ್ಟು, ತಲೆಯ ಮೇಲೆ ಜುಟ್ಟು, ಸೊಕ್ಕಂತೂ ನೋಡಬೇಕು! ಡ್ಯೂಟಿ ಮುಗಿಸಿ ಬಂದವರು ಮೊದಲು ಪಂಜರದ ಮುಂದೆ ಕೂತು ಶಿಳ್ಳೆ ಹಾಕುತ್ತಿದ್ದರು. ಚಹಾ ಆರಿ ಹೋದರೂ ಖಬರಿಲ್ಲ. ಆರು ವರ್ಷ ನಾನು ಒಗ್ಗರಣೆ ಘಾಟಿಗೆ ಕೆಮ್ಮಿದಾಗ “ಸೆರಗ ಅಡ್ಡ ಹಿಡ್ಕೊ” ಅಂದವರು, ಹಕ್ಕಿ ಒಂದು ಸಲ ಸೀನಿದ್ದಕ್ಕೆ ಎಕ್ಸಾಸ್ಟ್ ಫ್ಯಾನ್ ತಂದರು. ಮೇಲೆ ಹುಕುಂ ಬೇರೆ: “ಬಾಗಲಾ ಹಾಕ್ಕೊಂಡು ಅಡಗಿ ಮಾಡು. ನಾನ್‌ಸ್ಟಿಕ್ ತವಾ ಖಾಲಿ ಕಾಯಸಬ್ಯಾಡ. ಅದರ ಹೊಗಿ ನಮಗ ತಿಳಿಯೂದಿಲ್ಲ, ಹಕ್ಕಿ ಹತ್ತ ನಿಮಿಷದಾಗ ಸಾಯತೈತಿ.”

“ನಾ ಒಳಗ ಬೆಂದ್ರ?” ಅಂದೆ. ನಕ್ಕರು. ನನಗೆ ಹೊಟ್ಟೆ ಉರಿಯಿತು. ಹಕ್ಕಿಯ ಮೇಲೆ ಹೊಟ್ಟೆಕಿಚ್ಚೇ ಅಂತ ನಗುವವರು ನಗಲಿ. ಸವತಿ ಅಂದರೆ ಸವತಿಯೇ, ಸೀರೆ ಉಟ್ಟರೇನು, ರೆಕ್ಕೆ ಇದ್ದರೇನು!

ಹೋದ ಸೋಮವಾರ ಖಾನಾಪುರದಿಂದ ಅತ್ತೆ ಪದ್ಮವ್ವ ಬಂದರು. ಬಂಗಾರಿ ಎರಡು ದಿನದಿಂದ ಗರಿ ಉದುರಿಸಿಕೊಂಡು ಮಂಕಾಗಿ ಕೂತಿತ್ತು. ಅತ್ತೆ ಪಂಜರವನ್ನು ನೋಡಿದರು, ನನ್ನನ್ನು ನೋಡಿದರು.

“ದೃಷ್ಟಿ ಆಗೇತಿ. ಹೊರಗಿನವರದಲ್ಲ, ಮನಿಯಾಗಿನ ಕಣ್ಣ.”

“ಯಾರ ಕಣ್ಣರೀ ಅತ್ತಿ?”

“ನಾ ಯಾಕ ಹೇಳಲಿ? ಮೆಣಸಿನಕಾಯಿನ ಹೇಳತಾವು. ಸುಟ್ಟಾಗ ಘಾಟ ಬಂತಂದ್ರ ದೃಷ್ಟಿ ಇಲ್ಲ. ಬರಲಿಲ್ಲಂದ್ರ ಖರೇನ ಆಗೇತಿ.”

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಪಂಜರಕ್ಕೆ ಮೂರು ಸಲ ನಿವಾಳಿಸಿದರು. ನಮ್ಮ ಮನೆಯಲ್ಲಿ ಕೆಂಡ ಎಲ್ಲಿಯದು? ಕೈಗೆ ಸಿಕ್ಕ ನಾನ್‌ಸ್ಟಿಕ್ ತವಾವನ್ನೇ ಗ್ಯಾಸಿನ ಮೇಲಿಟ್ಟು ಉರಿ ದೊಡ್ಡದು ಮಾಡಿದರು.

ಬೇಡ ಅನ್ನಬೇಕಿತ್ತು. ಬಾಯಿತನಕ ಬಂದಿತ್ತು. ಆದರೆ ಬೇಡ ಅಂದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುವುದಿಲ್ಲವೇ? ಘಾಟು ಚೆನ್ನಾಗಿ ಬರಲಿ ಅಂತ ಫ್ಯಾನ್ ಹಾಕಲಿಲ್ಲ. ಅಡಿಗೆಮನೆ ಬಾಗಿಲನ್ನೂ ಪೂರ್ತಿ ತೆರೆದಿಟ್ಟೆ. ಖರೇ ಹೇಳಬೇಕೆಂದರೆ, ಸತ್ತರೆ ಸಾಯಲಿ ಅಂತಲೂ ಒಂದು ಗಳಿಗೆ ಅನ್ನಿಸಿತು.

ಘಾಟು ಬಂತು. ಏನು ಘಾಟು ಅಂತೀರಿ! ಅತ್ತೆ ಕೆಮ್ಮಿ ಕೆಮ್ಮಿ ಸುಸ್ತಾದರು. “ಆತವ್ವ ಪ್ರಮಿಳಾ, ನಿನ್ನ ಕಣ್ಣಲ್ಲ” ಅಂದರು. ಗೆದ್ದೆ ಅಂತ ಬೀಗಿ ತಿರುಗಿದರೆ, ಬಂಗಾರಿ ಬಾಯಿ ತೆರೆದು, ಬಾಲ ಅದುರಿಸುತ್ತ ಉಸಿರಿಗಾಗಿ ಒದ್ದಾಡುತ್ತಿತ್ತು. ಅಯ್ಯೋ ಶಿವನೇ! ಪಂಜರ ಎತ್ತಿಕೊಂಡು ಹೊರಗೆ ಓಡಿದೆ. ಹಕ್ಕಿಯನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಗಾಳಿ ಹಾಕಿದೆ. ಅದು ಇಷ್ಟು ಹಗುರ ಅಂತ ನನಗೆ ಗೊತ್ತೇ ಇರಲಿಲ್ಲ, ಒಂದು ದಿನವೂ ಮುಟ್ಟಿರಲಿಲ್ಲವಲ್ಲ. ಅಂಗೈಯಲ್ಲೇ ಸತ್ತಿತು.

ಇವರು ಬಂದಾಗ ಅತ್ತೆ ಎದೆ ಬಡಿದುಕೊಂಡು ಅತ್ತರು. “ನನ್ನಿಂದ ಹೋತಪಾ ಶಿವಲಿಂಗಾ, ತವಾದಾಗ ಮೆಣಸಿನಕಾಯಿ ಸುಟ್ಟೆ.”

“ನಿನಗ ಗೊತ್ತಿರಲಿಲ್ಲ ಬಿಡವ್ವಾ” ಅಂದರು.

ಆಮೇಲೆ ನನ್ನ ಕಡೆ ತಿರುಗಿದರು. ಲಗ್ನವಾದ ಏಳು ವರ್ಷದಲ್ಲಿ ಅಷ್ಟು ಹೊತ್ತು ಅವರು ನನ್ನ ಮುಖವನ್ನೇ ನೋಡಿದ್ದು ಅದೇ ಮೊದಲು.

“ನಿನಗ ಗೊತ್ತಿತ್ತಲ್ಲ?”

“ಗೊತ್ತಿತ್ತರೀ” ಅಂದೆ.