ಹೂ ಬಿಡದ ಗಿಡ

"ಈ ಗಿಡಾ ನೀವು ಕಣ್ಣಿಲೆ ನೋಡೀರೇನ್ರಿ ಅಕ್ಕೋರ?"

ಒಂಬತ್ತನೇ ತರಗತಿಯ ಸಪನಾ ಎದ್ದು ನಿಂತು ಕೇಳಿದಾಗ ನೀಲಮಳ ಕೈಯ ಸೀಮೆಸುಣ್ಣ ಹಲಗೆಯ ಮೇಲೇ ನಿಂತಿತು. ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಆವೃತಬೀಜ ಸಸ್ಯ, ಬಲಕ್ಕೆ ಅನಾವೃತಬೀಜ ಸಸ್ಯ ಎಂದು ಬರೆದಿದ್ದಳು. ಎಡಗಡೆಯವು ಹೂ ಬಿಡುತ್ತವೆ, ಬೀಜವನ್ನು ಹಣ್ಣಿನೊಳಗೆ ಮುಚ್ಚಿಡುತ್ತವೆ. ಬಲಗಡೆಯವಕ್ಕೆ ಹೂವೂ ಇಲ್ಲ, ಹಣ್ಣೂ ಇಲ್ಲ, ಬೀಜ ಬಯಲಿಗೇ ಇರುತ್ತದೆ. ಎಡಗಡೆಗೆ ಉದಾಹರಣೆ ಹೇಳಲು ಸತ್ತಿ ಊರಿನ ಮಕ್ಕಳಿಗೆ ಪುಸ್ತಕ ಬೇಕಿರಲಿಲ್ಲ. ಕಬ್ಬು, ಜೋಳ, ಬದನೆ, ಬೇವು ಎಂದು ಕೂಗಿದ್ದರು. ಬಲಗಡೆಗೆ ಪೈನ್ ಮತ್ತು ಸೈಕಸ್, ಎರಡು ಚಿತ್ರಗಳೇ ಗತಿ. ಕಾಲೇಜಿನ ಬಾಟಲಿಯಲ್ಲಿದ್ದ ಒಂದು ಎಲೆ ಬಿಟ್ಟರೆ ತಾನೂ ನೋಡಿಲ್ಲ ಎಂದು ನೀಲಮ ಒಪ್ಪಿಕೊಂಡಳು. ಹದಿಮೂರು ವರ್ಷದಿಂದ ಇದೇ ಪಾಠ ಮಾಡುತ್ತಿದ್ದವಳಿಗೆ ಅದನ್ನು ಹೇಳುವಾಗ ನಾಚಿಕೆಯಾಯಿತು.

ಸಪನಾ ತಾನು ನೋಡಿದ್ದೇನೆಂದಳು. ಅವಳಪ್ಪ ಗೊಬ್ಬರ ತರಲು ಹೋಗುವ ಐನಾಪುರದ ವ್ಯಾಪಾರಿ ಭಾವುಸಾಹೇಬರ ಅಂಗಳದಲ್ಲಿ, ಸೈಕಸ್ ಚಿತ್ರದಲ್ಲಿದ್ದ ಹಾಗೆಯೇ ಒಂದು ಗಿಡ ಇದೆಯಂತೆ.

ಮೂವತ್ತೊಂಬತ್ತರ ನೀಲಮಳಿಗೆ ರವಿವಾರವೆಂದರೆ ಭಾರ. ಅವಳ ಊರು ನಿಪ್ಪಾಣಿ ಕಡೆಯ ಕೊಗನೊಳ್ಳಿ. ತಂಗಿಯರ ಮದುವೆ, ತಮ್ಮನ ಓದು ಎಂದು ಅವಳ ಮದುವೆಯ ಮಾತು ಮುಂದೆ ಮುಂದೆ ಹೋಗಿ, ಕೊನೆಗೆ ಮನೆಯಲ್ಲಿ ಯಾರೂ ಅದನ್ನು ಎತ್ತುವುದನ್ನೇ ಬಿಟ್ಟಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಸೋಮವಾರದ ಪ್ರಾರ್ಥನೆಯವರೆಗೆ ಬಾಡಿಗೆಯ ಕೋಣೆಯಲ್ಲಿ ಒಂದು ಮಾತೂ ಆಡದೆ ಕಳೆದದ್ದುಂಟು. ಸೋಮವಾರ ಮೊದಲ ತಾಸಿನಲ್ಲಿ ತನ್ನ ದನಿ ತನಗೇ ಒರಟಾಗಿ ಕೇಳಿಸುತ್ತಿತ್ತು. ಆ ಶ್ರಾವಣದ ರವಿವಾರ ಅವಳು ಐನಾಪುರಕ್ಕೆ ಹೊರಟಳು.

ಭಾವುಸಾಹೇಬರದು ತುಂಬಿದ ಮನೆ. ಪಡಸಾಲೆಯಲ್ಲಿ ಟಿವಿ, ಒಳಗೆ ಸೊಸೆಯಂದಿರ ಮಾತು. ಅರವತ್ತರ ಆಸುಪಾಸಿನ ಅವರು ಮಾತ್ರ ಅಂಗಳದ ಮೂಲೆಯಲ್ಲಿ, ಗಿಡದ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಸರು, ಊರು, ಅಡ್ಡಹೆಸರು ಕೇಳಿದರು. ಕಾಂಬಳೆ ಎಂದಾಗ ಅವಳು ದಲಿತರವಳೆಂದು ತಿಳಿದು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಒಳಗಿನಿಂದ ಇನ್ನೊಂದು ಕುರ್ಚಿ ತರಿಸಿದರು.

ಸೊಂಟದೆತ್ತರದ ಒರಟು ಕಾಂಡ, ಸುತ್ತ ಚುಚ್ಚುವ ಗರಿ, ನಡುನೆತ್ತಿಯಲ್ಲಿ ಉಣ್ಣೆ ಹೊದ್ದಂಥ ಕಂದು ಗಡ್ಡೆ. ನೀಲಮ ಬಗ್ಗಿ ಅದರ ಒಂದು ಪದರವನ್ನು ಬೆರಳಿಂದ ಸರಿಸಿದಳು. ಅಂಚಿನ ಎರಡೂ ಕಡೆ ಗುಂಡನೆಯ ಕಾಳುಗಳು, ಮೇಲೆ ಯಾವ ಹೊದಿಕೆಯೂ ಇಲ್ಲ. ಪುಸ್ತಕದಲ್ಲಿದ್ದದ್ದು ಅಕ್ಷರಶಃ ನಿಜ. ಅವಳಿಗೆ ಎದೆ ತುಂಬಿ ಬಂತು. ಯಾರಿಗಾದರೂ ಹೇಳಬೇಕೆಂದು ತಿರುಗಿದರೆ ಭಾವುಸಾಹೇಬರೇ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದರು.

"ಹನ್ನೊಂದು ವರ್ಷಕ್ಕ ಮೊಗ್ಗಿ ಹಿಡದೈತ್ರಿ," ಎಂದರು. "ಯಾವಾಗ ಅರಳತೈತಿ ಇದು?"

ಗಿಡ ನೆಟ್ಟವಳು ಅವರ ಮಗಳು ತೃಪ್ತಿ. ಅಥಣಿಯಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಜೈನ ದೀಕ್ಷೆ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಳು. ತಿಂಗಳುಗಟ್ಟಲೆ ಒಲ್ಲೆನೆಂದ ಅಪ್ಪ ಕೊನೆಗೆ ಒಪ್ಪಬೇಕಾಯಿತು. ಮನೆ ಬಿಡುವ ಹಿಂದಿನ ವಾರ ಈ ಗಿಡ ತಂದಳು. ಇನ್ನು ಮೇಲೆ ನನ್ನನ್ನು ಅಪ್ಪಾ ಅನ್ನುವುದಿಲ್ಲವೇನು ಎಂದು ಭಾವುಸಾಹೇಬರು ಅತ್ತಾಗ, ಇದು ಹೂ ಬಿಟ್ಟಾಗ ತಂದು ತೋರಿಸು, ಅವತ್ತು ಅನ್ನುತ್ತೇನೆ ಎಂದಿದ್ದಳಂತೆ. ಈಗ ಅವಳು ಮಾತಾಜಿ, ಹೆಸರೂ ಬೇರೆ. ನಾಲ್ಕು ವರ್ಷದ ಕೆಳಗೆ ಸಾಧ್ವಿಯರ ಸಂಘದ ಜೊತೆ ಈ ದಾರಿಯಲ್ಲಿ ನಡೆದು ಬಂದಿದ್ದಳು. ಸಾಲಿನಲ್ಲಿ ನಿಂತವರಿಗೆಲ್ಲ ಆಶೀರ್ವಾದ ಮಾಡಿದ ಹಾಗೆಯೇ ತಂದೆಗೂ ಮಾಡಿ ಮುಂದೆ ಹೋದಳು. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುವ ಚಾತುರ್ಮಾಸ ಮುಗಿದ ಮೇಲೆ ಸಂಘ ಮತ್ತೆ ಬರಲಿತ್ತು.

ಇನ್ನೊಂದು ತಿಂಗಳು ಬೇಕಾದೀತು ಎಂದು ಹೇಳಿ ನೀಲಮ ಎದ್ದು ಹೋಗಬಹುದಿತ್ತು. ಆದರೆ ಹದಿಮೂರು ವರ್ಷದ ಪಾಠ ಬಾಯಿಗೆ ತಾನಾಗಿ ಬಂತು.

"ಇದು ಅರಳಂಗಿಲ್ರಿ. ಇದಕ್ಕ ಹೂವು ಅಂಬೂದ ಇಲ್ಲ. ಇವು ಬೀಜ, ಹಿಂಗ ಬಯಲಾಗ ಇರತಾವು."

ಹತ್ತಿರದಲ್ಲಿ ಗಂಡು ಗಿಡ ಇಲ್ಲದಿದ್ದರೆ ಈ ಬೀಜಗಳೂ ಮೊಳೆಯುವುದಿಲ್ಲ ಎಂಬುದನ್ನೂ ಹೇಳಿದಳು. ಹೇಳಿದ ಮೇಲೆ ಅಷ್ಟು ಹೇಳಬಾರದಿತ್ತು ಅನ್ನಿಸಿತು. ಭಾವುಸಾಹೇಬರು ಅವಳು ಸರಿಸಿದ್ದ ಪದರವನ್ನು ಬೆರಳಿಂದ ಮತ್ತೆ ಮುಚ್ಚಿದರು.

"ಬಿ.ಎಸ್ಸಿ. ಓದಿದವ್ರಿಗೆ ಇದು ಗೊತ್ತಿರತೈತೇನ್ರಿ?"

ಮೊದಲ ವರ್ಷದ ಪಾಠ ಅದು. ನೀಲಮ ತನ್ನ ರೆಕಾರ್ಡ್ ಪುಸ್ತಕದಲ್ಲಿ ಇದೇ ಗಿಡವನ್ನು ಮೂರು ಸಲ ಅಳಿಸಿ ಬಿಡಿಸಿದ್ದಳು.

"ಎಲ್ಲಾ ಕಾಲೇಜಿನ್ಯಾಗ ಕಲಸಂಗಿಲ್ರಿ," ಎಂದಳು.

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಚಹಾ ತರಿಸಿದರು, ಬಸ್ಸಿನ ವೇಳೆ ಹೇಳಿದರು, ಹೊರಡುವಾಗ ಅವಳ ಫೋನ್ ನಂಬರು ಬರೆದುಕೊಂಡರು. ಆ ಮಳೆಗಾಲವೆಲ್ಲ ನೀಲಮಳಿಗೆ ಆ ಅಂಗಳ ಮರೆಯಲಿಲ್ಲ. ನಾಲ್ಕು ತಿಂಗಳಾದರೂ ಆಸೆಯಿಂದ ಕಾಯಬಹುದಾಗಿದ್ದ ಮನುಷ್ಯನಿಂದ ಅದನ್ನೂ ಕಸಿದುಕೊಂಡೆನೇ ಎಂದು ಅಡಿಗೆ ಮಾಡುವಾಗ, ಬಟ್ಟೆ ಒಗೆಯುವಾಗ ಕೇಳಿಕೊಂಡಳು. ಕೇಳಿಕೊಳ್ಳಲು ತನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಡಿಸೆಂಬರಿನಲ್ಲಿ ಅವರ ಫೋನು ಬಂತು. ನಾಳೆ ಸಂಘ ಬರುತ್ತದೆ, ನೀವೂ ಬರ್ರಿ ಎಂದರು. ತಾನೇಕೆ ಎಂದು ನೀಲಮ ಸಂಕೋಚಪಟ್ಟಳು.

"ಗಿಡದ್ದು ನಿಮಗೊಬ್ರಿಗೇ ಗೊತ್ತೈತಿ," ಎಂದರು ಭಾವುಸಾಹೇಬರು.

ಅವಳು ರಜೆ ಹಾಕಿ ಹೋದಳು. ಮನೆ ಮುಂದಿನ ರಸ್ತೆ ತೊಳೆದು ಉದ್ದಕ್ಕೂ ರಂಗೋಲಿ ಹಾಕಿದ್ದರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಬರಿಗಾಲು. ಮಾತಾಜಿಯವರು ಒಬ್ಬರ ಹಿಂದೊಬ್ಬರು ಬಂದರು. ನಾಲ್ಕನೆಯವರು ಸಣಕಲು, ವಯಸ್ಸು ಮೂವತ್ತು ದಾಟಿರಬೇಕು. ಭಾವುಸಾಹೇಬರು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಬೊಗಸೆ ಬಿಚ್ಚಿದರು. ತಾನಾಗಿ ಕಳಚಿ ಬಿದ್ದ ಒಂದೇ ಒಂದು ಕೇಸರಿ ಬೀಜ.

ಮಾತಾಜಿಯ ಕಾಲು ನಿಂತಿತು. ಹಿಂದಿನವರೂ ನಿಂತರು.

"ಇದು ಹೂವಲ್ಲಂತ," ಎಂದರು ಭಾವುಸಾಹೇಬರು. ದನಿಯಲ್ಲಿ ದೂರು ಇರಲಿಲ್ಲ.

ಮಾತಾಜಿ ಬೀಜ ನೋಡಿದರು, ತಂದೆಯ ಮುಖ ನೋಡಿದರು. "ಗೊತ್ತಿತ್ತು," ಎಂದದ್ದು ಎಷ್ಟು ಮೆಲ್ಲಗೆಂದರೆ ಭಾವುಸಾಹೇಬರಿಗೂ ಪಕ್ಕದಲ್ಲಿದ್ದ ನೀಲಮಳಿಗೂ ಮಾತ್ರ ಕೇಳಿಸಿತು. ಆಶೀರ್ವಾದಕ್ಕೆ ಪಿಂಛಿ ಎತ್ತಿದರು. ಇಳಿಸಲು ಸ್ವಲ್ಪ ತಡವಾಯಿತು. ಆಮೇಲೆ ಸಾಲು ಮುಂದೆ ಸಾಗಿತು.

ಜನ ಜಯಕಾರ ಹಾಕುತ್ತ ಬಸದಿಯ ಕಡೆ ಹೋದರು. ಭಾವುಸಾಹೇಬರು ನೀಲಮಳನ್ನೊಮ್ಮೆ ನೋಡಿ ತಲೆ ಆಡಿಸಿದರು, ಕಾಲೇಜಿನ ಬಗ್ಗೆ ಅವಳು ಹೇಳಿದ ಸುಳ್ಳು ಅವರಿಗೆ ಆವತ್ತೇ ತಿಳಿದಿತ್ತೆಂಬಂತೆ. ರಂಗೋಲಿಯ ಮೇಲೆ ಬರಿಗಾಲಿನ ಹೆಜ್ಜೆಗಳು ಒಂದರ ಮುಂದೊಂದು ಸಾಗಿದ್ದವು. ಮಗಳು ನಿಂತಿದ್ದ ಕಡೆ ಮಾತ್ರ ಎರಡು ಪಾದ ಜೋಡಿಯಾಗಿ, ಬೆರಳುಗಳು ಮನೆಯ ಕಡೆ ತಿರುಗಿ ಮೂಡಿದ್ದವು. ಭಾವುಸಾಹೇಬರು ಅವನ್ನು ತುಳಿಯದ ಹಾಗೆ ಸುತ್ತು ಹಾಕಿ, ಮೆಲ್ಲಗೆ ರಸ್ತೆ ದಾಟಿದರು.